ಮುಚ್ಚಳ ಮುಚ್ಚಿದ ಮೇಲೆ

ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚುವುದನ್ನು ನಾವು ಯಾರೂ ಒಂದು ಕೆಲಸ ಎಂದುಕೊಳ್ಳುವುದಿಲ್ಲ. ಪುಸ್ತಕ ಮುಚ್ಚಿಟ್ಟ ಹಾಗೆ ಅದು. ಮತ್ತೆ ತೆರೆದಾಗ ಬಿಟ್ಟ ಪುಟವೇ ಸಿಗುತ್ತದೆ ಎಂಬ ನಂಬಿಕೆ. ಆದರೆ ಪುಸ್ತಕಕ್ಕೂ ಕಂಪ್ಯೂಟರಿಗೂ ಇಲ್ಲೊಂದು ವ್ಯತ್ಯಾಸವಿದೆ. ಪುಸ್ತಕವನ್ನು ನಾವು ಮುಚ್ಚುತ್ತೇವೆ; ಕಂಪ್ಯೂಟರ್ ತನ್ನನ್ನು ತಾನೇ ಮುಚ್ಚಿಕೊಳ್ಳಬೇಕು. ಮನೆಯ ದೀಪ ಆರಿಸುವುದೂ ಅದೇ, ಬಾಗಿಲಿಗೆ ಬೀಗ ಹಾಕುವುದೂ ಅದೇ, ಬೀಗದ ಕೈ ಹುಡುಕುವುದೂ ಅದೇ. ದೀಪವನ್ನು ಮೊದಲು ಆರಿಸಿಬಿಟ್ಟರೆ ಬೀಗದ ಕೈ ಕಾಣುವುದಿಲ್ಲ.

ನಾಲ್ಕು ವರ್ಷಗಳಿಂದ ನಾನು ಪಿಎಚ್‌ಡಿಗಾಗಿ ಓದುತ್ತಿರುವುದು ಹೆಚ್ಚುಕಡಿಮೆ ಈ ಬೀಗದ ಕೈಯ ವಿಷಯವನ್ನೇ. ಮಗಳು ಏನು ಓದುತ್ತಿದ್ದಾಳೆ ಎಂದು ಊರಲ್ಲಿ ಯಾರಾದರೂ ಕೇಳಿದರೆ ಅಮ್ಮ, "ಕಂಪ್ಯೂಟ್ರು ಹೆಂಗೆ ಮಲಗ್ತದೆ ಅಂತ ಓದ್ತಾವ್ಳೆ" ಅನ್ನುತ್ತಾಳೆ. ಕೇಳಿದವರು ನಗುತ್ತಾರೆ. ನನ್ನ ಪ್ರಬಂಧಕ್ಕೆ ಎರಡು ಸಾಲಿನ ಇಂಗ್ಲಿಷ್ ಶೀರ್ಷಿಕೆಯಿದೆ. ಅದಕ್ಕಿಂತ ಅಮ್ಮನ ಮಾತೇ ನಿಖರ.

ಸಾಹಿತ್ಯದ ಓದುಗರ ಮುಂದೆ ಈ ವಿಷಯ ಎತ್ತಲು ಕಾರಣವಿದೆ. ಕಂಪ್ಯೂಟರ್ ಕೈಕೊಟ್ಟಾಗ ನಮ್ಮಲ್ಲಿ ಬಹಳಷ್ಟು ಮಂದಿ ಮೊದಲು ಬೈದುಕೊಳ್ಳುವುದು ತಮ್ಮನ್ನೇ. 'ನಾನೇ ಏನೋ ಒತ್ತಿರಬೇಕು' ಎಂಬ ಅಪರಾಧಿ ಭಾವ ಸದಾ ಸಿದ್ಧವಾಗಿರುತ್ತದೆ. ತಪ್ಪು ಯಾರದು, ಎಚ್ಚರಿಕೆ ಯಾರ ಹೊಣೆ ಎಂಬ ಪ್ರಶ್ನೆಗೆ ಆಪರೇಟಿಂಗ್ ಸಿಸ್ಟಂ ಬರೆಯುವವರು ಈ ಮಲಗುವ ಗಳಿಗೆಯಲ್ಲಿ ಕಂಡುಕೊಂಡ ಉತ್ತರ ನನಗೆ ಕಂಪ್ಯೂಟರಿನ ಆಚೆಗೂ ಬೆಲೆಯುಳ್ಳದ್ದು ಅನ್ನಿಸಿದೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹೊತ್ತು ಯಂತ್ರದ ಒಳಗೆ ಹೋಗಿ ಬರಬೇಕು. ನಾನು ಹೇಳುವುದೆಲ್ಲ ಲಿನಕ್ಸ್ ಕುರಿತು. ಅದರ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು, ನಾನು ಓದಿರುವುದೂ ಅದನ್ನೇ.

*

ಕಂಪ್ಯೂಟರಿನ ಮೆಮೊರಿಯನ್ನು ಕರ್ನಲ್ ಪುಟಗಳ ಲೆಕ್ಕದಲ್ಲಿ ಹಂಚುತ್ತದೆ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಎಲ್ಲರಿಗೂ ಎಲ್ಲವನ್ನೂ ಅಳೆದು ಕೊಡುವ ಯಜಮಾನ. ನಾವು ಬಳಸುವ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಒಂದು ಪುಟವೆಂದರೆ 4096 ಬೈಟ್. 16 ಜಿಬಿ ಮೆಮೊರಿಯ ಯಂತ್ರದಲ್ಲಿ ಇಂಥ ಪುಟಗಳು ಸುಮಾರು 42 ಲಕ್ಷ. ಇವುಗಳಲ್ಲಿ ಖಾಲಿ ಬಿದ್ದಿರುವವು ಯಾವಾಗಲೂ ಕಡಿಮೆಯೇ. ಖಾಲಿ ಮೆಮೊರಿ ಎಂದರೆ ದಂಡದ ಮೆಮೊರಿ ಎಂಬುದು ಕರ್ನಲ್‌ನ ಧೋರಣೆ. ಡಿಸ್ಕಿನಿಂದ ಒಮ್ಮೆ ಓದಿದ್ದನ್ನು ಮತ್ತೆ ಬೇಕಾದೀತು ಎಂದು ಅದು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ.

ಹಾಗಿರುವಾಗ ಯಾರಾದರೂ ಬಂದು 'ನನಗೆ ನಾಲ್ಕು ಪುಟ ಬೇಕು' ಎಂದರೆ ಏನಾಗುತ್ತದೆ? ಖಾಲಿ ಇದ್ದರೆ ಕೊಡುತ್ತದೆ. ಇಲ್ಲದಿದ್ದರೆ ಬೇರೆಯವರಿಂದ ಬಿಡಿಸಿ ಕೊಡುತ್ತದೆ. ಡಿಸ್ಕಿನಲ್ಲಿ ಅದರದೇ ಪ್ರತಿ ಇರುವ ಪುಟವಾದರೆ ಸುಲಭ, ಸುಮ್ಮನೆ ಬಿಟ್ಟುಬಿಡಬಹುದು. ತಿದ್ದಿ ಇನ್ನೂ ಡಿಸ್ಕಿಗೆ ಬರೆಯದ ಪುಟವಾದರೆ ಮೊದಲು ಬರೆಯಬೇಕು. ಯಾವುದೋ ಪ್ರೋಗ್ರಾಂ ಬಳಸುತ್ತಿರುವ, ಆದರೆ ಸದ್ಯಕ್ಕೆ ಮುಟ್ಟದಿರುವ ಪುಟವಾದರೆ ಅದನ್ನು ಡಿಸ್ಕಿನ ಮೇಲಿನ ಸ್ವಾಪ್ ಎಂಬ ಜಾಗಕ್ಕೆ ಸಾಗಿಸಬೇಕು. ಅಂದರೆ ಮೆಮೊರಿ ಕೇಳುವುದು ಎಂಬ ಸಣ್ಣ ಕೋರಿಕೆಯ ಬೆನ್ನಿಗೆ ಡಿಸ್ಕಿನ ಓಡಾಟ ಇರಬಹುದು. ಕೇಳಿದವರಿಗೆ ಇದು ಕಾಣುವುದಿಲ್ಲ. ಹೋಟೆಲಿನಲ್ಲಿ ಒಂದು ಲೋಟ ನೀರು ಕೇಳಿದವನಿಗೆ ಹಿತ್ತಿಲಲ್ಲಿ ಯಾರೋ ಬಾವಿಗೆ ಕೊಡ ಇಳಿಸಿದ್ದು ಕಾಣದ ಹಾಗೆ.

ಕಾಣದಿರುವುದರಿಂದಲೇ ತೊಂದರೆ. ಡಿಸ್ಕಿಗೆ ಬರೆಯುವ ಡ್ರೈವರ್‌ಗೂ ಬರೆಯಲು ಒಂದಿಷ್ಟು ಮೆಮೊರಿ ಬೇಕು. ಅದು ಮೆಮೊರಿ ಕೇಳುತ್ತದೆ. ಕರ್ನಲ್ 'ಖಾಲಿ ಇಲ್ಲ, ಇರು, ಡಿಸ್ಕಿಗೆ ಒಂದಿಷ್ಟು ಬರೆದು ಬಿಡಿಸಿಕೊಡುತ್ತೇನೆ' ಎಂದು ಅದೇ ಡ್ರೈವರ್‌ನ ಬಾಗಿಲಿಗೆ ಬರುತ್ತದೆ. ಡ್ರೈವರ್ ಮೆಮೊರಿಗಾಗಿ ಕಾಯುತ್ತಿದೆ, ಮೆಮೊರಿ ಡ್ರೈವರ್‌ಗಾಗಿ ಕಾಯುತ್ತಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ. ನಾನು ಜೂನಿಯರ್‌ಗಳಿಗೆ ಪಾಠ ಮಾಡುವಾಗ ನಮ್ಮ ಗಾದೆಯನ್ನೇ ಹೇಳುವುದು: ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ.

1971ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಶಾನಿ ಎಂಬ ಮೂವರು ಇಂಥ ಬಿಕ್ಕಟ್ಟು ಹುಟ್ಟಲು ನಾಲ್ಕು ಷರತ್ತುಗಳು ಒಟ್ಟಿಗೆ ಕೂಡಬೇಕು ಎಂದು ತೋರಿಸಿದರು. ವಸ್ತುವನ್ನು ಒಮ್ಮೆಗೆ ಒಬ್ಬರೇ ಬಳಸುವಂತಿರಬೇಕು. ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುತ್ತಿರಬೇಕು. ಹಿಡಿದಿದ್ದನ್ನು ಬೇರೆಯವರು ಕಿತ್ತುಕೊಳ್ಳುವಂತಿರಬಾರದು. ಕಾಯುವವರ ಸಾಲು ಸುತ್ತಿ ಬಂದು ವರ್ತುಲವಾಗಬೇಕು. ನಾಲ್ಕರಲ್ಲಿ ಒಂದನ್ನು ಮುರಿದರೂ ಸಾಕು, ಬಿಕ್ಕಟ್ಟು ಹುಟ್ಟುವುದಿಲ್ಲ. ಲಿನಕ್ಸ್ ಮುರಿಯುವುದು ಕೊನೆಯದನ್ನು. ಮೆಮೊರಿ ಕೇಳುವಾಗ ಕೋರಿಕೆಯ ಜತೆ ಒಂದು ಚೀಟಿ ಕೊಡಬೇಕು. 'ಬೇಕಾದರೆ ಫೈಲ್ ಸಿಸ್ಟಂ ಮುಟ್ಟು, ಡಿಸ್ಕಿಗೂ ಹೋಗು, ಕಾಯುತ್ತೇನೆ' ಎನ್ನುವ ಚೀಟಿಯ ಹೆಸರು ಜಿಎಫ್‌ಪಿ ಕರ್ನಲ್. 'ಕಾಯುತ್ತೇನೆ, ಆದರೆ ಡಿಸ್ಕಿನ ತಂಟೆಗೆ ಹೋಗಬೇಡ' ಎನ್ನುವುದು ಜಿಎಫ್‌ಪಿ ನೋಐಓ. 'ಕಾಯಲೂ ಆಗದು, ಇದ್ದರೆ ಈಗಲೇ ಕೊಡು' ಎನ್ನುವುದು ಜಿಎಫ್‌ಪಿ ಅಟಾಮಿಕ್. ಡಿಸ್ಕಿನ ಡ್ರೈವರ್ ಎರಡನೆಯ ಚೀಟಿ ಕೊಟ್ಟರೆ ಕರ್ನಲ್ ಅದರ ಬಾಗಿಲಿಗೆ ತಿರುಗಿ ಬರುವುದಿಲ್ಲ.

*

ಇಷ್ಟು ಯಂತ್ರ ಎಚ್ಚರವಿರುವಾಗಿನ ಮಾತು. ಮಲಗುವಾಗ ಏನಾಗುತ್ತದೆ ನೋಡೋಣ.

ಸಸ್ಪೆಂಡ್ ಎಂದರೆ ಮೆಮೊರಿಯೊಂದಕ್ಕೆ ಜೀವ ಹಿಡಿಯುವಷ್ಟು ವಿದ್ಯುತ್ ಉಳಿಸಿ, ಉಳಿದುದನ್ನೆಲ್ಲ ಆರಿಸುವುದು. ಆರಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ನಮ್ಮ ಪ್ರೋಗ್ರಾಂಗಳನ್ನು ಇದ್ದಲ್ಲೇ ಹೆಪ್ಪುಗಟ್ಟಿಸುತ್ತಾರೆ. ಬ್ರೌಸರ್, ಬರೆಯುತ್ತಿದ್ದ ಕಡತ, ಕೇಳುತ್ತಿದ್ದ ಹಾಡು, ಎಲ್ಲವೂ ಅಲ್ಲಲ್ಲೇ ನಿಲ್ಲುತ್ತವೆ. ಹೀಗೆ ನಿಲ್ಲಲು ಕರ್ನಲ್ ಕೊಡುವ ಗಡುವು ಸಾಮಾನ್ಯವಾಗಿ 20 ಸೆಕೆಂಡು. ನಂತರ ಕರ್ನಲ್‌ನ ಒಳಗಿನ ಕೆಲವು ಕೆಲಸಗಾರರ ಸರದಿ. ಅದಾದ ಮೇಲೆ ಸಾಧನಗಳು: ಪರದೆ, ಧ್ವನಿ, ವೈಫೈ, ಯುಎಸ್‌ಬಿ, ಡಿಸ್ಕ್. ಮಕ್ಕಳು ಮೊದಲು, ತಂದೆತಾಯಿ ಆಮೇಲೆ ಎಂಬುದು ಇಲ್ಲಿನ ನಿಯಮ. ಯುಎಸ್‌ಬಿಗೆ ಚುಚ್ಚಿದ ಸಾಧನ ಮಲಗಿದ ಮೇಲಷ್ಟೇ ಯುಎಸ್‌ಬಿ ನಿಯಂತ್ರಕ ಮಲಗಬಹುದು. ಕೊನೆಗೆ ಒಂದನ್ನು ಬಿಟ್ಟು ಉಳಿದ ಪ್ರೊಸೆಸರ್‌ಗಳು, ಆಮೇಲೆ ಆ ಒಂದೂ.

ಪ್ರತಿ ಸಾಧನವೂ ಮಲಗುವ ಮುಂಚೆ ತನ್ನ ಸ್ಥಿತಿಯನ್ನು ಎಲ್ಲೋ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಎದ್ದಾಗ ತಾನು ಯಾರೆಂಬುದು ಅದಕ್ಕೆ ನೆನಪಿರುವುದಿಲ್ಲ. ಬರೆದಿಡಲು ಮೆಮೊರಿ ಬೇಕು. ಅಂದರೆ ಮಲಗುವುದಕ್ಕೂ ಜಾಗ ಬೇಕು. ಈ ಸಾಲಿನಲ್ಲಿ ಡಿಸ್ಕ್ ಆಗಲೇ ಮಲಗಿದೆ ಎಂದಿಟ್ಟುಕೊಳ್ಳಿ, ಇನ್ನೊಂದು ಸಾಧನದ ಡ್ರೈವರ್ ಆಮೇಲೆ ಬಂದು ಮೊದಲನೆಯ ಚೀಟಿ ಹಿಡಿದು ಮೆಮೊರಿ ಕೇಳುತ್ತದೆ. ಖಾಲಿ ಪುಟ ಇಲ್ಲ. ಕರ್ನಲ್ ಯಾವುದೋ ಪುಟವನ್ನು ಡಿಸ್ಕಿಗೆ ಬರೆಯಲು ಹೊರಡುತ್ತದೆ. ಡಿಸ್ಕ್ ಏಳುವುದು ಇಡೀ ಯಂತ್ರ ಮಲಗಿ ಎದ್ದ ಮೇಲೆ. ಇಡೀ ಯಂತ್ರ ಮಲಗುವುದು ಈ ಡ್ರೈವರ್ ಮಲಗಿದ ಮೇಲೆ. ಈ ಡ್ರೈವರ್ ಮಲಗುವುದು ಮೆಮೊರಿ ಸಿಕ್ಕ ಮೇಲೆ. ಮತ್ತೆ ಅದೇ ಗಾದೆ. ಪರದೆ ಕಪ್ಪಾಗಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ಯಾವ ಕೀಲಿ ಒತ್ತಿದರೂ ಉಸಿರಿಲ್ಲ. ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ದಾರಿ.

*

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯ ಗೆಳತಿ ಜಾನಪದದಲ್ಲಿ ಸಂಶೋಧನೆ ಮಾಡುತ್ತಾಳೆ. ಮಂಟೇಸ್ವಾಮಿ ಕಾವ್ಯವನ್ನು ತಂಬೂರಿ ಹಿಡಿದು ಹಾಡುವ ನೀಲಗಾರರ ಹಾಡುಗಳನ್ನು ಧ್ವನಿಮುದ್ರಿಸಿ, ಕೇಳಿ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಧ್ವನಿಯನ್ನು ಅಕ್ಷರಕ್ಕೆ ಇಳಿಸುವ ತಂತ್ರಾಂಶವೊಂದನ್ನು ಹಾಕಿಕೊಂಡಿದ್ದಳು. ಅದು ಕೊಡುವ ಪಠ್ಯದಲ್ಲಿ ಹತ್ತು ಪದಕ್ಕೆ ನಾಲ್ಕು ತಪ್ಪು. ಆದರೂ ತಿದ್ದಲು ಒಂದು ಆಧಾರ ಸಿಗುತ್ತಿತ್ತು. ಆ ತಂತ್ರಾಂಶಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ವಿಭಾಗದಿಂದ ಒಂದು ಭಾರದ ಲ್ಯಾಪ್‌ಟಾಪನ್ನು ಎರವಲು ತಂದಿದ್ದಳು.

ಎರಡು ರಾತ್ರಿ ಕೂತು ಒಬ್ಬ ಹಿರಿಯ ಹಾಡುಗಾರರ ಒಂದು ಸಾಲನ್ನು ತಿದ್ದಿದ್ದಾಳೆ. ಬರೀ ಪದಗಳಲ್ಲ; ಎಲ್ಲಿ ಅವರು ದನಿ ತಗ್ಗಿಸಿದರು, ಎಲ್ಲಿ ಹಿಮ್ಮೇಳದವರು ಸೊಲ್ಲು ಎತ್ತಿಕೊಂಡರು, ಎಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು ಎಂಬುದನ್ನೆಲ್ಲ ನೆನಪಿನಿಂದ ಬದಿಯಲ್ಲಿ ಟಿಪ್ಪಣಿ ಮಾಡಿದ್ದಾಳೆ. ಬೆಳಗಿನ ಬಸ್ಸಿಗೆ ಹೊತ್ತಾಯಿತೆಂದು ಮುಚ್ಚಳ ಮುಚ್ಚಿ, ಚೀಲಕ್ಕೆ ತುರುಕಿ, ಮೈಸೂರಿನಿಂದ ಕೊಳ್ಳೇಗಾಲದ ಕಡೆಗೆ ಹೊರಟಿದ್ದಾಳೆ. ಊರು ತಲುಪಿ ಚೀಲಕ್ಕೆ ಕೈ ಹಾಕಿದರೆ ಲ್ಯಾಪ್‌ಟಾಪ್ ಕಾದ ಹೆಂಚಿನಂತಾಗಿತ್ತು. ಬ್ಯಾಟರಿ ಖಾಲಿ. ಚಾರ್ಜಿಗೆ ಹಾಕಿ ತೆರೆದಾಗ ಯಂತ್ರ ಮೊದಲಿನಿಂದ ಶುರುವಾಯಿತು. ತಂತ್ರಾಂಶದ ಕಿಟಕಿಯಲ್ಲಿ ಮಾಡಿದ್ದ ತಿದ್ದುಪಡಿಗಳೂ ಟಿಪ್ಪಣಿಗಳೂ ಇರಲಿಲ್ಲ.

ಧ್ವನಿಮುದ್ರಣ ಬೇರೆಡೆ ಸುರಕ್ಷಿತವಾಗಿತ್ತು. ಪದಗಳನ್ನು ಮತ್ತೆ ಬರೆಯಬಹುದು. ಆದರೆ ಕಣ್ಣೊರೆಸಿಕೊಂಡ ಹೆಂಗಸು ಧ್ವನಿಮುದ್ರಣದಲ್ಲಿ ಇಲ್ಲ.

ವಿಭಾಗದಲ್ಲಿ ಅವಳಿಗೆ ಸಿಕ್ಕ ಉತ್ತರ, "ಶಟ್‌ಡೌನ್ ಮಾಡ್ಬೇಕಿತ್ತಮ್ಮ, ಹಂಗೇ ಮುಚ್ಚುದ್ರೆ ಇನ್ನೇನಾಗುತ್ತೆ?" ಅವಳು ಅದನ್ನು ಒಪ್ಪಿಕೊಂಡುಬಿಟ್ಟಿದ್ದಳು. ನನ್ನ ಕೋಣೆಗೆ ಬಂದು ಅವಳು ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಕೂರಲು ಬಿಡಲಿಲ್ಲ. "ಮುಚ್ಚಳ ಮುಚ್ಚುದ್ರೆ ಮಲಗ್ತದೆ ಅಂತ ನಂಬ್ಕಂಡಿದ್ದು ನನ್ ತಪ್ಪಾ ಕಣೇ?"

ಆಗಾಗ ಸೇವ್ ಮಾಡುತ್ತಿರಬೇಕು ಎಂಬುದು ಒಳ್ಳೆಯ ಅಭ್ಯಾಸ, ಅದನ್ನು ಅವಳಿಗೂ ಹೇಳಿದೆ. ಆದರೆ ಅವಳ ಪ್ರಶ್ನೆ ಬೇರೆ. ಮುಚ್ಚಳ ಎಂಬುದು ತಯಾರಿಸಿದವರು ನಮಗೆ ಕೊಟ್ಟ ಮಾತು. ಮಾತು ನಂಬಿದವರನ್ನು ತಪ್ಪಿತಸ್ಥರು ಎನ್ನುವುದು ಹೇಗೆ?

ಲ್ಯಾಪ್‌ಟಾಪ್ ಇಸಿದುಕೊಂಡು ಅದರ ದಿನಚರಿ ತೆರೆದು ನೋಡಿದೆ. ಕರ್ನಲ್ ತಾನು ಮಾಡಿದ್ದನ್ನೆಲ್ಲ ಕ್ಷಣಕ್ಷಣಕ್ಕೂ ಬರೆದಿಡುತ್ತದೆ. ಮುಚ್ಚಳ ಮುಚ್ಚಿದ ಹೊತ್ತಿನಲ್ಲಿ ಅದು ಮಲಗಲು ಹೊರಟಿತ್ತು. ಪ್ರೋಗ್ರಾಂಗಳು ಹೆಪ್ಪುಗಟ್ಟಿದ್ದವು. ಸಾಧನಗಳ ಸರದಿಯಲ್ಲಿ ಒಂದು ಡ್ರೈವರ್ ಮೈನಸ್ 12 ಎಂಬ ಸಂಖ್ಯೆ ಹಿಂದಿರುಗಿಸಿತ್ತು. ಲಿನಕ್ಸಿನಲ್ಲಿ 12 ಎಂದರೆ 'ಮೆಮೊರಿ ಸಿಗಲಿಲ್ಲ'. ಒಂದು ಸಾಧನ ಮಲಗಲಾರೆ ಎಂದರೆ ಕರ್ನಲ್ ಅಲ್ಲಿಯವರೆಗೆ ಮಲಗಿಸಿದವರನ್ನೆಲ್ಲ ಎಬ್ಬಿಸಿ, ಸಸ್ಪೆಂಡ್ ಕೈಬಿಡುತ್ತದೆ. ಮುಚ್ಚಿದ ಮುಚ್ಚಳದೊಳಗೆ, ಗಾಳಿಯಾಡದ ಚೀಲದೊಳಗೆ, ಯಂತ್ರ ದಾರಿಯುದ್ದಕ್ಕೂ ಎಚ್ಚರವಾಗಿತ್ತು.

ಆ ಡ್ರೈವರ್ ಗ್ರಾಫಿಕ್ಸ್ ಕಾರ್ಡಿನದು. ಕಾರ್ಡಿಗೆ ತನ್ನದೇ ಮೆಮೊರಿ ಇರುತ್ತದೆ, ಈ ಯಂತ್ರದಲ್ಲಿ 8 ಜಿಬಿ. ಮಲಗಿದಾಗ ಕಾರ್ಡಿಗೆ ವಿದ್ಯುತ್ ಇರುವುದಿಲ್ಲವಾದ್ದರಿಂದ ಅದರಲ್ಲಿರುವುದನ್ನು ಮುಖ್ಯ ಮೆಮೊರಿಗೆ ನಕಲು ಮಾಡಬೇಕು. ಧ್ವನಿಯ ತಂತ್ರಾಂಶ ಕಾರ್ಡನ್ನು ಬಹುಪಾಲು ತುಂಬಿಕೊಂಡಿತ್ತು. ಮುಖ್ಯ ಮೆಮೊರಿಯ 16 ಜಿಬಿಯಲ್ಲಿ ಬ್ರೌಸರೂ ಧ್ವನಿ ಕಡತಗಳೂ ಸೇರಿ ಅಷ್ಟು ಜಾಗ ಉಳಿದಿರಲಿಲ್ಲ. ವಿಚಿತ್ರವೆಂದರೆ ಡಿಸ್ಕಿನ ಮೇಲೆ ಸ್ವಾಪ್ ಜಾಗ ಧಾರಾಳವಾಗಿತ್ತು. ಜಾಗವಿತ್ತು, ಆದರೆ ಅಲ್ಲಿಗೆ ಹೋಗುವ ಬಾಗಿಲನ್ನು ಆ ಹೊತ್ತಿಗೆ ಮುಚ್ಚಲಾಗಿತ್ತು.

*

ಆ ಬಾಗಿಲನ್ನು ಮುಚ್ಚಿದ್ದು 2010ರಲ್ಲಿ ಬಂದ ಒಂದು ಬದಲಾವಣೆ.

ಅದಕ್ಕೆ ಮುಂಚೆ ಪರಿಸ್ಥಿತಿ ಹೀಗಿತ್ತು: ಸಸ್ಪೆಂಡ್ ಹೊತ್ತಿನಲ್ಲಿ ಮೆಮೊರಿ ಕೇಳುವವರು ಡಿಸ್ಕ್ ಮುಟ್ಟದ ಚೀಟಿ ಬಳಸಬೇಕು ಎಂದು ಎಲ್ಲರಿಗೂ ಹೇಳಬಹುದಿತ್ತು. ಹೇಳಿ ಸುಮ್ಮನಾಗಬಹುದಿತ್ತು. ಆದರೆ ಯಾರಿಗೆ ಹೇಳುವುದು? ಡ್ರೈವರ್ ಬರೆಯುವವರು ಲೋಕದ ಎಲ್ಲೆಡೆ ಇದ್ದಾರೆ. ಅದಕ್ಕಿಂತ ದೊಡ್ಡ ತೊಡಕು, ಒಂದು ಸಣ್ಣ ಸಹಾಯಕ ಕೋಡನ್ನು ಬರೆದವನಿಗೆ ಅದನ್ನು ಯಾರು ಯಾವ ಹೊತ್ತಿನಲ್ಲಿ ಕರೆಯುತ್ತಾರೆ ಎಂಬುದೇ ಗೊತ್ತಿರುವುದಿಲ್ಲ. ಹಗಲಿನಲ್ಲಿ ಕರೆದರೆ ಮೊದಲ ಚೀಟಿ ಸರಿ, ಮಲಗುವ ಹೊತ್ತಿನಲ್ಲಿ ಕರೆದರೆ ಅದೇ ಚೀಟಿ ಅಪಾಯ. ಅವನು ಎಷ್ಟು ಎಚ್ಚರದಿಂದ ಬರೆದರೂ ತನಗೆ ಕಾಣದ ಸಂದರ್ಭಕ್ಕೆ ಹೊಣೆಯಾಗಲಾರ.

ಲಿನಕ್ಸಿನ ವಿದ್ಯುತ್ ನಿರ್ವಹಣೆಯ ಭಾಗವನ್ನು ನೋಡಿಕೊಳ್ಳುವ ರಾಫೆಲ್ ವಿಸೋಟ್ಸ್ಕಿ ಅವರ ಪರಿಹಾರ ಸರಳವಾಗಿತ್ತು. ಮೆಮೊರಿ ಕೊಡುವ ಜಾಗದಲ್ಲೇ ಒಂದು ಜರಡಿ ಇಡುವುದು. ಪ್ರೋಗ್ರಾಂಗಳೆಲ್ಲ ಹೆಪ್ಪುಗಟ್ಟಿದ ಮೇಲೆ, ಸಾಧನಗಳನ್ನು ಮಲಗಿಸುವ ಮುಂಚೆ, ಕರ್ನಲ್ ಈ ಜರಡಿ ಹಿಡಿಯುತ್ತದೆ. ಯಾರು ಯಾವ ಚೀಟಿ ತಂದರೂ ಅದರಲ್ಲಿನ 'ಡಿಸ್ಕ್ ಮುಟ್ಟು', 'ಫೈಲ್ ಸಿಸ್ಟಂ ಮುಟ್ಟು' ಎಂಬ ಎರಡು ಅನುಮತಿಗಳು ಜರಡಿಯಲ್ಲಿ ನಿಂತುಹೋಗುತ್ತವೆ. ಎಲ್ಲರೂ ಎದ್ದ ಮೇಲೆ ಜರಡಿ ತೆಗೆಯುತ್ತಾರೆ. ಡ್ರೈವರ್ ಬರೆದವರು ಒಂದಕ್ಷರ ತಿದ್ದಬೇಕಿಲ್ಲ, ಇದೊಂದು ನಿಯಮ ಇದೆಯೆಂದು ತಿಳಿದಿರಲೂ ಬೇಕಿಲ್ಲ.

ನನಗೆ ಇದರಲ್ಲಿ ಇಷ್ಟವಾಗುವುದು ಹೊಣೆ ಜಾಗ ಬದಲಾಯಿಸಿದ ರೀತಿ. ಎಚ್ಚರಿಕೆಯನ್ನು ಅಸಂಖ್ಯ ಕೋರಿಕೆಗಳ ಮೇಲೆ ಹರಡುವ ಬದಲು, ಹೊತ್ತು ಎಂಥದ್ದೆಂದು ಬಲ್ಲ ಒಂದೇ ಜಾಗಕ್ಕೆ ಅದನ್ನು ಒಪ್ಪಿಸಲಾಯಿತು. ಯಂತ್ರ ಮಲಗುತ್ತಿದೆ ಎಂಬುದು ಕರ್ನಲ್‌ಗೆ ಗೊತ್ತು. ಗೊತ್ತಿರುವವರು ಹೊರಬೇಕು.

ಇದು ಅಲ್ಲಿಗೇ ಮುಗಿಯಲಿಲ್ಲ. ಜರಡಿ ಇಡೀ ಯಂತ್ರಕ್ಕೆ ಒಂದೇ. ಉಳಿದವರೆಲ್ಲ ಹೆಪ್ಪುಗಟ್ಟಿರುವಾಗ ಅದು ಸರಿ. ಆದರೆ ಈಗಿನ ಯಂತ್ರಗಳಲ್ಲಿ ಸಾಧನಗಳು ಒಂದೊಂದಾಗಿಯೂ ಮಲಗುತ್ತವೆ. ನಾವು ಟೈಪ್ ಮಾಡುತ್ತಿರುವಾಗಲೇ ಯುಎಸ್‌ಬಿ ಡಿಸ್ಕ್ ಒಂದು ಬಳಕೆಯಿಲ್ಲವೆಂದು ತೂಕಡಿಸಿರುತ್ತದೆ. ಅದನ್ನು ಎಬ್ಬಿಸುವ ಕೋಡ್ ಮೆಮೊರಿ ಕೇಳಿ, ಮೆಮೊರಿ ಅದೇ ಡಿಸ್ಕಿಗೆ ಬರೆಯಲು ಹೊರಟರೆ ಮತ್ತೆ ವರ್ತುಲ. ಇಲ್ಲಿ ಯಂತ್ರಕ್ಕೆಲ್ಲ ಜರಡಿ ಹಿಡಿದರೆ ಎಚ್ಚರವಿರುವವರ ಕೆಲಸ ಕೆಡುತ್ತದೆ. ಅದಕ್ಕಾಗಿ 2013ರಲ್ಲಿ ಇನ್ನೊಂದು ಏರ್ಪಾಡು ಬಂತು. ಎಬ್ಬಿಸುವ ಕೆಲಸ ಮಾಡುತ್ತಿರುವವನ ಹಣೆಗೆ ಮಾತ್ರ ಗುರುತು ಹಚ್ಚುವುದು: 'ಈ ಕೆಲಸ ಮುಗಿಯುವವರೆಗೆ ಇವನು ಕೇಳುವ ಮೆಮೊರಿಗೆ ಡಿಸ್ಕ್ ಮುಟ್ಟಬೇಡಿ.' ಕೆಲಸ ಮುಗಿದ ಮೇಲೆ ಗುರುತು ಅಳಿಸುವುದು. 2017ರಲ್ಲಿ ಫೈಲ್ ಸಿಸ್ಟಂಗಳಿಗೂ ಇದೇ ಬಗೆಯದು ಬಂತು. ಒಂದೊಂದು ಕೋರಿಕೆಗೂ ಚೀಟಿ ಬರೆಯುವ ಬದಲು, ಅಪಾಯದ ದಾರಿ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗುರುತಿಸಿ ಎಂಬುದೇ ಈಗ ಕರ್ನಲ್ ದಾಖಲೆಗಳ ಸಲಹೆ.

ಹಾಗಾದರೆ ಎಲ್ಲರೂ ಯಾವಾಗಲೂ ಡಿಸ್ಕ್ ಮುಟ್ಟದ ಚೀಟಿಯನ್ನೇ ಬಳಸಿದರೆ ಗೋಜೇ ಇಲ್ಲವಲ್ಲ ಎಂದು ಜೂನಿಯರ್ ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಆ ಚೀಟಿ ಹಿಡಿದು ಕೇಳಿದವರಿಗಾಗಿ ಕರ್ನಲ್ ತಿದ್ದಿದ ಪುಟಗಳನ್ನು ಬರೆಯಲಾರದು, ಸ್ವಾಪ್‌ಗೆ ಕಳಿಸಲಾರದು. ಡಿಸ್ಕಿನಲ್ಲಿ ಪ್ರತಿ ಇರುವ ಸುಲಭದ ಪುಟಗಳನ್ನಷ್ಟೇ ಬಿಡಿಸಬಲ್ಲದು. ಎಲ್ಲರೂ ಸದಾ ಅದನ್ನೇ ಹಿಡಿದರೆ ಬಿಡಿಸುವವರೇ ಇಲ್ಲದೆ ಮೆಮೊರಿ ಕಟ್ಟಿಕೊಳ್ಳುತ್ತದೆ. ಎಚ್ಚರಿಕೆಗೂ ಬೆಲೆಯಿದೆ. ಬೇಕಾದ ಕಡೆಗೆ ಮಾತ್ರ ಅದನ್ನು ತೆರಬೇಕು.

*

ಜರಡಿಯಿಂದ ಯಂತ್ರ ಸ್ತಬ್ಧವಾಗುವುದು ತಪ್ಪಿತು. ಆದರೆ ಮೆಮೊರಿ ಹುಟ್ಟಲಿಲ್ಲ. ಹಿಂದೆ ಕೊನೆಯಿಲ್ಲದೆ ಕಾಯುತ್ತಿದ್ದ ಕೋರಿಕೆಗೆ ಈಗ 'ಇಲ್ಲ' ಎಂಬ ಉತ್ತರ ಸಿಗಬಹುದು. ಮಾಮೂಲಿ ದಿನಗಳಲ್ಲಿ ಮೆಮೊರಿ ತೀರಿಹೋದಾಗ ಯಾವುದಾದರೂ ಪ್ರೋಗ್ರಾಂ ಅನ್ನು ಕೊಂದು ಜಾಗ ಮಾಡುವ ವ್ಯವಸ್ಥೆಯೊಂದು ಕರ್ನಲ್‌ನಲ್ಲಿದೆ. ಮಲಗುವ ಹೊತ್ತಿನಲ್ಲಿ ಅದನ್ನೂ ಕಟ್ಟಿಹಾಕಿರುತ್ತಾರೆ. ಕೊಲ್ಲಬೇಕಾದ ಪ್ರೋಗ್ರಾಂ ಸಾಯಲು ಮೊದಲು ಎದ್ದು ಓಡಾಡಬೇಕು, ಹೆಪ್ಪುಗಟ್ಟಿದವರನ್ನು ನಡುದಾರಿಯಲ್ಲಿ ಎಬ್ಬಿಸಿದರೆ ಮಲಗುವ ಲೆಕ್ಕವೆಲ್ಲ ತಪ್ಪುತ್ತದೆ.

ಗೆಳತಿಯ ಯಂತ್ರಕ್ಕೆ ಆದದ್ದು ಇದೇ. ಕಾಯುತ್ತಾ ಸಾಯುವ ಬದಲು ಅದು 'ಇಲ್ಲ' ಎಂದಿತು, ದಿನಚರಿಯಲ್ಲಿ ಬರೆದಿಟ್ಟಿತು, ಎಚ್ಚರವಾಗಿ ಉಳಿಯಿತು. ಸುರಕ್ಷಿತ ಎಂಬ ಪದಕ್ಕೆ ಕರ್ನಲ್‌ನ ಅರ್ಥದಲ್ಲಿ ಇದು ಸುರಕ್ಷಿತವೇ. ಚೀಲ ಹೊತ್ತವಳ ಅರ್ಥದಲ್ಲಿ ಅಲ್ಲ.

ಎರಡನೆಯ ಅರ್ಥಕ್ಕೂ ಉತ್ತರ ಕೊಡಬೇಕಾದರೆ ಬೆಂಕಿ ಬಿದ್ದಾಗ ಬಾವಿ ತೋಡುವುದನ್ನು ಬಿಡಬೇಕು. ಬೇಕಾದ ಮೆಮೊರಿಯನ್ನು ಬಾಗಿಲು ತೆರೆದಿರುವಾಗಲೇ ತೆಗೆದಿಟ್ಟುಕೊಳ್ಳಬೇಕು. ಮಲಗುವ ಸುದ್ದಿಯನ್ನು ಪ್ರೋಗ್ರಾಂಗಳು ಹೆಪ್ಪುಗಟ್ಟುವ ಮುಂಚೆಯೇ ಡ್ರೈವರ್‌ಗಳಿಗೆ ತಿಳಿಸುವ ಏರ್ಪಾಡು ಕರ್ನಲ್‌ನಲ್ಲಿದೆ. ಮದುವೆ ಮನೆಯಲ್ಲಿ 'ಊಟಕ್ಕೆ ಏಳ್ರಪ್ಪಾ' ಎಂದು ಎಲೆ ಹಾಕುವ ಮುಂಚೆಯೇ ಕೂಗುವ ಹಾಗೆ. ಆ ಗಳಿಗೆಯಲ್ಲಿ ಡಿಸ್ಕ್ ಎಚ್ಚರವಾಗಿದೆ, ಜರಡಿ ಇನ್ನೂ ಹಿಡಿದಿಲ್ಲ, ಸ್ವಾಪ್ ಬಾಗಿಲು ತೆರೆದಿದೆ. ಎದ್ದ ಕೂಡಲೇ ತನ್ನ ಸಾಧನಕ್ಕೆ ಫರ್ಮ್‌ವೇರ್ ತುಂಬಬೇಕಾದ ಡ್ರೈವರ್ ಅದನ್ನು ಈಗಲೇ ಡಿಸ್ಕಿನಿಂದ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕೆಂದು ಕರ್ನಲ್ ದಾಖಲೆಗಳು ಹೇಳುತ್ತವೆ. ಎದ್ದ ಕ್ಷಣದಲ್ಲಿ ಡಿಸ್ಕ್ ಇನ್ನೂ ಮಲಗಿರಬಹುದು, ತಂದುಕೊಡುವ ಪ್ರೋಗ್ರಾಂ ಹೆಪ್ಪುಗಟ್ಟೇ ಇರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಗ್ರಾಫಿಕ್ಸ್ ಡ್ರೈವರ್ ಬರೆಯುವ ಕೆಲವರೂ ಕಾರ್ಡಿನ ಮೆಮೊರಿಯನ್ನು ಖಾಲಿ ಮಾಡುವ ಕೆಲಸವನ್ನು ಸಾಧನ ಮಲಗುವ ಹಂತದಿಂದ ಎತ್ತಿ ಈ ಮುಂಚಿನ ಹಂತಕ್ಕೆ ತಂದಿದ್ದಾರೆ. ಮಾಡುವ ಕೆಲಸ ಅದೇ, ಮಾಡುವ ಹೊತ್ತು ಬದಲಾಗಿದೆ ಅಷ್ಟೆ.

ಹೈಬರ್ನೇಟ್ ಎಂಬ ಇನ್ನೂ ಗಾಢವಾದ ನಿದ್ದೆಯಲ್ಲಿ ಈ ವಿವೇಕ ಮೊದಲಿನಿಂದಲೂ ಢಾಳಾಗಿ ಕಾಣುತ್ತದೆ. ಅಲ್ಲಿ ಮೆಮೊರಿಯ ಇಡೀ ಚಿತ್ರವನ್ನು ಡಿಸ್ಕಿಗೆ ಬರೆದು ವಿದ್ಯುತ್ತನ್ನು ಪೂರ್ತಿ ಆರಿಸಬೇಕು. ಚಿತ್ರ ತೆಗೆಯಲು ಮೆಮೊರಿಯ ಒಳಗೇ ಅದರ ನಕಲಿಗೆ ಜಾಗ ಬೇಕು. ಆದ್ದರಿಂದ ಸಾಧನಗಳನ್ನು ಮುಟ್ಟುವ ಮುಂಚೆಯೇ ಕರ್ನಲ್ ಆ ಜಾಗವನ್ನು ತನ್ನ ಹೆಸರಿಗೆ ಬರೆಸಿಕೊಂಡುಬಿಡುತ್ತದೆ. ಬೇಕಾದರೆ ಆಗಲೇ ಬೇರೆಯವರನ್ನು ಸ್ವಾಪ್‌ಗೆ ಕಳಿಸುತ್ತದೆ. ಚಿತ್ರದ ಗಾತ್ರವನ್ನು ಒಟ್ಟು ಮೆಮೊರಿಯ ಐದರಲ್ಲಿ ಎರಡು ಪಾಲಿನ ಆಸುಪಾಸಿಗೆ ಇಳಿಸಲು ಯತ್ನಿಸುವುದು ಅದರ ರೂಢಿ. ಜಾಗ ಸಿಗದಿದ್ದರೆ, ಯಾವ ಸಾಧನವನ್ನೂ ಮಲಗಿಸುವ ಮುಂಚೆಯೇ, ಸಾಧನಗಳೆಲ್ಲ ಎಚ್ಚರವಿರುವಾಗಲೇ 'ಆಗುವುದಿಲ್ಲ' ಎನ್ನುತ್ತದೆ.

ಆ ಲ್ಯಾಪ್‌ಟಾಪಿಗೆ ಹೊಸ ಕರ್ನಲ್ ಹಾಕಿ ಪರೀಕ್ಷೆಗೆ ಕೂತೆ. ಲಿನಕ್ಸಿನಲ್ಲಿ ಮಲಗುವ ನಾಟಕ ಆಡಿಸುವ ಸೌಲಭ್ಯವಿದೆ. ಬೇಕಾದ ಹಂತದವರೆಗೆ 'ಮಲಗಿದಂತೆ ಮಾಡು' ಎಂದರೆ ಅಲ್ಲಿಯವರೆಗೆ ಹೋಗಿ, ಐದು ಸೆಕೆಂಡು ನಿಂತು, ಎದ್ದು ಬರುತ್ತದೆ. ಗ್ರಾಫಿಕ್ಸ್ ಕಾರ್ಡನ್ನೂ ಮುಖ್ಯ ಮೆಮೊರಿಯನ್ನೂ ಬೇಕೆಂದೇ ತುಂಬಿಸಿಟ್ಟು ಹಳೆಯ ಕರ್ನಲ್‌ನಲ್ಲಿ ಆಡಿಸಿದಾಗ ಮತ್ತೆ ಮತ್ತೆ ಅದೇ ಮೈನಸ್ 12. ಹೊಸದರಲ್ಲಿ ಮಲಗಲು ಕೆಲವು ಸೆಕೆಂಡು ಹೆಚ್ಚು ಹಿಡಿಯಿತು, ಸ್ವಾಪ್‌ಗೆ ಸಾಮಾನು ಸಾಗಿಸುವ ಹೊತ್ತು ಅದು. ಆದರೆ ಮಲಗಿತು, ಎದ್ದಿತು. ಆಮೇಲೆ ನಾಟಕ ಬಿಟ್ಟು ನಿಜವಾಗಿಯೇ ಮುಚ್ಚಳ ಮುಚ್ಚಿ, ಚೀಲಕ್ಕೆ ಹಾಕಿ, ಗಂಟೆಗಟ್ಟಲೆ ಬಿಟ್ಟು ನೋಡಿದೆ. ತಣ್ಣಗಿತ್ತು. ಗೆಳತಿಗೆ ಅಷ್ಟನ್ನೂ ತೋರಿಸಿ, "ನಿನ್ ತಪ್ಪಲ್ಲ ಕಣೇ" ಎಂದೆ. ಅವಳು ಟಿಪ್ಪಣಿಯ ಪುಸ್ತಕವನ್ನು ಕಾಗದದಲ್ಲಿ ಶುರು ಮಾಡಿದ್ದಳು. ಅದೂ ಸರಿಯೇ.

*

ನನ್ನ ಪ್ರಬಂಧದ ಒಂದು ಅಧ್ಯಾಯ ಈಗ ಡ್ರೈವರ್ ಬರೆಯುವವರಿಗೆ ಮೂರು ಮಾತು ಹೇಳುತ್ತದೆ. ಮಲಗುವ ದಾರಿಯಲ್ಲಿ ಬೇಕಾಗುವುದನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ತೆಗೆದಿಡಲಾಗದಿದ್ದರೆ ಅಪಾಯದ ದಾರಿಯ ಶುರುವನ್ನೂ ಕೊನೆಯನ್ನೂ ಗುರುತಿಸಿ, ಒಂದೊಂದು ಹೆಜ್ಜೆಗೂ ಎಚ್ಚರಿಕೆಯ ಮಾತು ಹೇಳುತ್ತಾ ಕೂರಬೇಡಿ. 'ಇಲ್ಲ' ಎಂಬ ಉತ್ತರ ಬಂದರೆ ಏನು ಮಾಡಬೇಕೆಂದು ಮೊದಲೇ ಬರೆದಿಡಿ, ಆ ದಾರಿಯನ್ನು ಪರೀಕ್ಷಿಸಿ. ವಿಮರ್ಶಕರೊಬ್ಬರು ಇದರಲ್ಲಿ ಹೊಸದೇನಿದೆ ಎಂದು ಕೇಳಿದ್ದಾರೆ. ಹೊಸದಾಗಿರುವುದು ಅಳತೆಗಳು; ಮಾತುಗಳು ಹಳೆಯವೇ ಎಂದು ಉತ್ತರ ಬರೆದಿದ್ದೇನೆ.

ಯಂತ್ರ ಏಳುವ ಕ್ರಮ ಮಲಗಿದ್ದಕ್ಕೆ ತಿರುಗಮುರುಗ. ಕೊನೆಗೆ ಮಲಗಿದ ಪ್ರೊಸೆಸರ್ ಮೊದಲು ಏಳುತ್ತದೆ. ಆಮೇಲೆ ಉಳಿದ ಪ್ರೊಸೆಸರ್‌ಗಳು, ಆಮೇಲೆ ಸಾಧನಗಳು, ಡಿಸ್ಕ್. ಎಲ್ಲ ಸಾಧನಗಳೂ ಎದ್ದವೆಂದು ಖಾತ್ರಿಯಾದ ಮೇಲೆ ಜರಡಿ ತೆಗೆಯುತ್ತಾರೆ. ಎಲ್ಲರಿಗಿಂತ ಕೊನೆಗೆ ಏಳುವವು ಎಲ್ಲರಿಗಿಂತ ಮೊದಲು ಮಲಗಿದ ನಮ್ಮ ಪ್ರೋಗ್ರಾಂಗಳು. ಪದವೊಂದರ ನಡುವೆ ನಿಂತಿದ್ದ ಪ್ರೋಗ್ರಾಂ ಆ ಪದದ ಮುಂದಿನ ಅಕ್ಷರಕ್ಕೆ ಹೋಗುತ್ತದೆ. ನಡುವೆ ಒಂದು ರಾತ್ರಿ ಕಳೆದದ್ದು ಗಡಿಯಾರ ನೋಡಿದರಷ್ಟೇ ಅದಕ್ಕೆ ಗೊತ್ತಾಗುವುದು. ಡಿಸ್ಕ್ ಮಲಗಿದ್ದು, ಬಾಗಿಲು ಮುಚ್ಚಿದ್ದು, ಯಾರೋ ನಾಲ್ಕು ಪುಟಕ್ಕಾಗಿ ಕೇಳಿ 'ಇಲ್ಲ' ಅನ್ನಿಸಿಕೊಂಡಿದ್ದು, ಇದಾವುದರ ಸುಳಿವೂ ಅದಕ್ಕಿಲ್ಲ. ಇರಬೇಕಾಗಿಯೂ ಇಲ್ಲ. ಅದು ಹಾಗೆ ಏನೂ ತಿಳಿಯದೆ ಮುಂದುವರಿಯಲಿ ಎಂಬುದಕ್ಕಾಗಿಯೇ ಉಳಿದವರು ಇಷ್ಟೆಲ್ಲ ಲೆಕ್ಕ ಹಾಕಿ ಮಲಗುವುದು.